ಪಕ್ಕದ ಕಡತ – ಯಾರ ಪಕ್ಕ?

ಕ್ರಮವಿಧಿ ದೊಡ್ಡದಾದಾಗ ಅದನ್ನು ಹಲವು ಕಡತಗಳಾಗಿ ಬಿಡಿಸಿ ಬರೆಯುತ್ತೇವೆ. ಒಂದು ಕಡತ ಇನ್ನೊಂದನ್ನು ಕರೆಯುವಾಗ ಪೂರ್ಣ ವಿಳಾಸ ಬೇಕಿಲ್ಲ. ‘ಪಕ್ಕದಲ್ಲಿರುವುದು’ ಎಂದರೆ ಸಾಕು. ಇದೇ ಸಾಪೇಕ್ಷ ವಿಳಾಸ. ಆದರೆ ಆಧಾರ ಬಿಂದು ಹೇಳದೆ ದೂರ ಹೇಳಲಾಗದು ಎಂಬುದನ್ನು ನೀವು ಭೌತವಿಜ್ಞಾನದಲ್ಲಿ ಓದಿದ್ದೀರಿ. ಇಲ್ಲಿ ಆಧಾರ ಯಾವುದು? ಕರೆಯುವ ಕಡತ ಇರುವ ಫೋಲ್ಡರೋ, ಆದೇಶ ಕೊಡುವಾಗ ಬಳಕೆದಾರ ಇರುವ ಚಾಲ್ತಿ ಫೋಲ್ಡರೋ?

1995ರಲ್ಲಿ ಯುಕಿಹಿರೊ ಮತ್ಸುಮೊಟೊ ಬಿಡುಗಡೆ ಮಾಡಿದ ರೂಬಿ ಭಾಷೆ ಎರಡನೆಯದನ್ನು ಆರಿಸಿಕೊಂಡಿತು. ಅದರ ‘ರಿಕ್ವೈರ್’ ಆದೇಶ ಹುಡುಕುವ ಫೋಲ್ಡರುಗಳ ಪಟ್ಟಿಯಲ್ಲಿ ಒಂದು ಚುಕ್ಕೆ ಇತ್ತು. ಚುಕ್ಕೆ ಎಂದರೆ ಚಾಲ್ತಿ ಫೋಲ್ಡರು.

ಪರಿಣಾಮ ನೋಡಿ. ‘ಗಣಿತ’ ಫೋಲ್ಡರಿನ ‘ಮುಖ್ಯ’ ಕಡತವು ಪಕ್ಕದ ‘ಸರಾಸರಿ’ಯನ್ನು ಕರೆಯುತ್ತದೆ. ಆ ಫೋಲ್ಡರಿನೊಳಗಿಂದ ಓಡಿಸಿದರೆ ಎಲ್ಲವೂ ಸರಿ. ಒಂದು ಹಂತ ಮೇಲಿನಿಂದ ಓಡಿಸಿದರೆ ‘ಕಡತ ಸಿಗಲಿಲ್ಲ’ ಎಂಬ ದೋಷ! ಒಂದಕ್ಷರವೂ ಬದಲಾಗಿಲ್ಲ, ಆದರೂ ವಿದ್ಯಾರ್ಥಿ ತಪ್ಪು ತನ್ನದೆಂದೇ ತಿಳಿಯುತ್ತಾನೆ. ಅಪಾಯವೂ ಉಂಟು. ಬೇಕಾದ ಕಡತ ಬೇರೆಲ್ಲೂ ಸಿಗದಿದ್ದು, ಚಾಲ್ತಿ ಫೋಲ್ಡರಿನಲ್ಲಿ ಅದೇ ಹೆಸರಿನ ಕಡತವನ್ನು ಕಿಡಿಗೇಡಿಯೊಬ್ಬ ಇಟ್ಟಿದ್ದರೆ ಅದೇ ಓಡುತ್ತದೆ.

2010ರ ರೂಬಿ 1.9.2 ಆವೃತ್ತಿ ಪಟ್ಟಿಯಿಂದ ಚುಕ್ಕೆಯನ್ನು ಕೈಬಿಟ್ಟಿತು. ಪರ್ಲ್ ಭಾಷೆ ಇದೇ ಕೆಲಸ ಮಾಡಿದ್ದು 2017ರಲ್ಲಿ, 5.26ನೇ ಆವೃತ್ತಿಯಲ್ಲಿ. ಕರೆಯುವ ಕಡತದಿಂದಲೇ ದಾರಿ ಅಳೆಯುವ ‘ರಿಕ್ವೈರ್ ರಿಲೇಟಿವ್’ ಎಂಬ ಆದೇಶವನ್ನೂ ರೂಬಿ ಒದಗಿಸಿತು. ಇದು ಸ್ವಾಗತಾರ್ಹ.

ಆದರೆ ಸುಧಾರಣೆ ಅರ್ಧದಲ್ಲೇ ನಿಂತಿದೆ. ಹಳೆಯ ‘ರಿಕ್ವೈರ್’ಗೆ ಕಡತದ ಹೆಸರಿನ ಮುಂದೆ ಚುಕ್ಕೆ ಮತ್ತು ಓರೆಗೆರೆ ಹಾಕಿ ಕೊಟ್ಟರೆ ಅದು ಇಂದಿಗೂ ಚಾಲ್ತಿ ಫೋಲ್ಡರನ್ನೇ ನೋಡುತ್ತದೆ, ಯಾವ ಎಚ್ಚರಿಕೆಯನ್ನೂ ಕೊಡುವುದಿಲ್ಲ. ದೋಷ ಬಂದಾಗ ಅವಸರದಲ್ಲಿ ಚುಕ್ಕೆ ಸೇರಿಸಿದವನಿಗೆ ಕ್ರಮವಿಧಿ ಓಡಿದಂತೆ ಕಾಣುತ್ತದೆ. ರೋಗ ಒಳಗೇ ಉಳಿಯುತ್ತದೆ. ಹಳೆಯ ಕ್ರಮವಿಧಿಗಳು ಕೆಡಬಾರದೆಂಬ ವಾದ ನ್ಯಾಯವೇ. ಆದರೆ ಎಚ್ಚರಿಕೆಯ ಒಂದು ಸಾಲಿನಿಂದ ಯಾವುದೂ ಕೆಡುತ್ತಿರಲಿಲ್ಲ.

ಹಾಗಾದರೆ ಚಾಲ್ತಿ ಫೋಲ್ಡರೇ ಬೇಡವೇ? ಹಾಗಲ್ಲ. ಬಳಕೆದಾರ ಟೈಪು ಮಾಡಿದ ವಿಳಾಸವನ್ನು ಅವನಿರುವ ಜಾಗದಿಂದ ಅಳೆಯಬೇಕು. ಕಡತದೊಳಗೆ ಬರೆದ ವಿಳಾಸವನ್ನು ಆ ಕಡತದ ಜಾಗದಿಂದ. ಬರೆದವನ ಮಾತಿಗೆ ಓಡಿಸುವವನ ಜಾಗ ಆಧಾರವಾಗಬಾರದು.

ಶಿಕ್ಷಕರೇ, ‘ಆ ಫೋಲ್ಡರಿಗೆ ಹೋಗಿ ಓಡಿಸು’ ಎನ್ನುವುದು ಪರಿಹಾರವಲ್ಲ. ಪ್ರಯೋಗಶಾಲೆಯಲ್ಲಿ ಪ್ರತಿ ಕ್ರಮವಿಧಿಯನ್ನೂ ಎರಡು ಬೇರೆ ಫೋಲ್ಡರುಗಳಿಂದ ಓಡಿಸಿ ತೋರಿಸಲು ಹೇಳಿ. ಎರಡೂ ಕಡೆ ಓಡಿದರೆ ಮಾತ್ರ ಅಂಕ ಕೊಡಿ.