ಇಣಿ ನೋಡಿ ಎತ್ತು ಕೊಳ್ಳಿ

ಕಾರಹುಣ್ಣಿಮೆ ಮುಗಿದು ಮಣ್ಣೆತ್ತಿನ ಅಮಾವಾಸ್ಯೆ ಹತ್ತಿರ ಬಂತೆಂದರೆ ದೋರನಹಳ್ಳಿಯಿಂದ ಸುರಪುರದವರೆಗೆ ಎರಡು ತರದ ಎತ್ತುಗಳು ಮಾರಾಟಕ್ಕೆ ಬರುತ್ತವೆ. ಒಂದು ಅಚ್ಚಿನವು: ಬಣ್ಣ ಬಳಿದುಕೊಂಡು, ಎಲ್ಲವೂ ಒಂದೇ ಮುಖ ಹೊತ್ತು ಸಾಲಾಗಿ ನಿಂತಿರುತ್ತವೆ. ಇನ್ನೊಂದು ಕೈಯಲ್ಲಿ ತಿದ್ದಿದ ಎರೆಮಣ್ಣಿನ ಜೋಡಿ, ಮುಂದೊಂದು ಮೇವಿನ ಗ್ವಾದ್ಲಿ. ನನ್ನ ದುಡ್ಡು ಎರಡನೆಯದಕ್ಕೆ, ಅದೂ ಹೆಗಲ ಮೇಲಿನ ಡುಬ್ಬ, ಅಂದರೆ ಇಣಿ ನೋಡಿದ ಮೇಲೆ.

ಕಣ್ಣನ್ನು ಯಾರಾದರೂ ಮಾಡಿಯಾರು. ಎರಡು ಕುಸುಬಿ ಕಾಳು ಒತ್ತಿದರೆ ಆಯಿತು. ಇಣಿ ಹಾಗಲ್ಲ. ಬೆನ್ನ ನಡುವೆ ಎದ್ದರೆ ಅದು ಒಂಟೆ. ನಮ್ಮ ಎತ್ತಿನ ಇಣಿ ಮುಂಗಾಲಿನ ನೇರಕ್ಕೆ ಏಳುತ್ತದೆ, ನೊಗ ಕೂರುವುದು ಅದರ ಮುಂದೆ. ಗಳೆ ಹೊಡೆದ ಕೈ ಇಲ್ಲಿ ತಪ್ಪುವುದಿಲ್ಲ.

ಬಲ್ಲವರು ಕಾಲನ್ನು ಬೇರೆ ಮಾಡಿ ಅಂಟಿಸುವುದಿಲ್ಲ. ಮುದ್ದೆಯನ್ನು ಎಡಗೈಯಲ್ಲಿ ಹಿಡಿದು ನಾಲ್ಕು ಮೂಲೆ ಎಳೆದು ಕಾಲು ತೆಗೆಯುತ್ತಾರೆ, ಮೇಲೆ ಚಿವುಟಿ ಇಣಿ ಎಬ್ಬಿಸುತ್ತಾರೆ, ಕೊರಳಡಿ ಒತ್ತಿ ಗಂಗೆದೊಗಲು ಇಳಿಬಿಡುತ್ತಾರೆ. ಕೊಂಬು ಮಾತ್ರ ಆಮೇಲೆ. ಕೂಡುವ ಕಡೆ ಕಡ್ಡಿಯಿಂದ ಗೀರಿ, ತೆಳು ಕೆಸರು ಹಚ್ಚಿ ಕೂರಿಸದಿದ್ದರೆ ಒಣಗುವಾಗ ಕಳಚುತ್ತದೆ. ಕಿಲಾರಿಯ ಕೊಂಬು ಹಿಂದಕ್ಕೆ ಬಾಗಿ ಉದ್ದ ಬೆಳೆಯುತ್ತದೆ, ಕೃಷ್ಣಾ ತೀರದ ತಳಿಯದು ಗಿಡ್ಡ. ಕೊಂಬು ನೋಡಿದರೆ ತಳಿ ಗೊತ್ತಾಗಬೇಕು. ಟ್ರ್ಯಾಕ್ಟರ್ ಬಂದು ಕೊಟ್ಟಿಗೆ ಬರಿದಾದ ಮನೆಯ ಹುಡುಗರ ಎತ್ತಿನಲ್ಲಿ ಇದು ಸಿಗುವುದು ಕಷ್ಟ. ಅವರು ತಿದ್ದುವುದು ಹೋದ ವರ್ಷದ ಮಣ್ಣೆತ್ತನ್ನು ನೆನೆದು, ಎತ್ತನ್ನು ನೋಡಿ ಅಲ್ಲ.

ದನವನ್ನು ಹೀಗೆ ದಿಟ್ಟಿಸುವುದು ಈ ಸೀಮೆಗೆ ಹೊಸದಲ್ಲ. ಕೃಷ್ಣೆ-ಭೀಮೆಯರ ನಡುವಿನ ಬೂದಿಹಾಳ, ಕೊಡೇಕಲ್ಲುಗಳಲ್ಲಿ ಬೂದಿದಿಬ್ಬಗಳಿವೆ. ನಾಲ್ಕು ಸಾವಿರ ವರ್ಷಕ್ಕೂ ಹಿಂದೆ ದನ ಸಾಕಿದವರು ರಾಶಿ ಹಾಕಿ ಸುಟ್ಟ ಸಗಣಿ ಅದು. ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯ ಎರಡೂ ಕಡೆ ಅಗೆದು ನೋಡಿದವರು. ಆ ಕಾಲದವರ ಮಡಕೆ ಹೆಚ್ಚಿನವು ತಿಗರಿ ಕಾಣದವು, ಕೈಯಲ್ಲೇ ಕಟ್ಟಿ ಉಜ್ಜಿ ನಯ ಮಾಡಿದ ಬೂದುಬಣ್ಣದವು. ಲಿಂಗಸುಗೂರು ಕಡೆಯ ಪಿಕ್ಲಿಹಾಳದಲ್ಲಿ 1952ರಲ್ಲಿ ಎಫ್. ಆರ್. ಆಲ್ಚಿನ್ ನಡೆಸಿದ ಉತ್ಖನನದಲ್ಲಿ ಸುಟ್ಟ ಮಣ್ಣಿನ ದನಗಳೇ ಸಿಕ್ಕವು, ಇಣಿ ಸಮೇತ.

ನೀವೇ ಮಾಡುವುದಾದರೆ ಮೊದಲು ಮಣ್ಣಿನ ಗುಣ ತಿಳಿಯಿರಿ. ಎರೆ ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕುಗ್ಗಿ ಬಿರಿಯುತ್ತದೆ. ಬೇಸಿಗೆಯ ಹೊಲ ಕಂಡವರಿಗೆ ಇದನ್ನು ಹೇಳಬೇಕಿಲ್ಲ. ಜರಡಿ ಹಿಡಿದ ಉಸುಕು, ಕುಳ್ಳಿನ ಬೂದಿ ಬೆರೆಸಿ ಚೆನ್ನಾಗಿ ನಾದಿ. ಒದ್ದೆ ಬಟ್ಟೆ ಹೊದಿಸಿ ನೆರಳಲ್ಲಿ ಒಣಗಿಸಿ, ಅವಸರ ಬೇಡ.

ಪೂಜೆಯ ಎತ್ತನ್ನು ಸುಡುವುದಿಲ್ಲ, ಅದು ನೀರಿಗೆ ಹೋಗುವಂಥದ್ದು. ಕಪಾಟಿನಲ್ಲಿ ಇಡಲೇಬೇಕು ಎನ್ನುವವರು ಬೇರೊಂದು ಮಾಡಿಕೊಳ್ಳಲಿ. ಅದರ ಹೊಟ್ಟೆಯನ್ನು ಕೆಳಗಿನಿಂದ ಬೆರಳು ತೂರಿಸಿ ಟೊಳ್ಳು ಮಾಡಬೇಕು. ಒಳಗೆ ಪಸೆ ಉಳಿದರೆ ಬೆಂಕಿಯಲ್ಲಿ ಎತ್ತು ಸಿಡಿಯುತ್ತದೆ. ಕುಳ್ಳೊಟ್ಟಿ ಸುಟ್ಟದ್ದು ಒಂದು ಮಗ್ಗುಲು ಕೆಂಪು, ಇನ್ನೊಂದು ಮಗ್ಗುಲು ಕಪ್ಪಾಗಿ ಬರುತ್ತದೆ. ಕುಸುಬಿ ಕಾಳು ಉರಿದುಹೋಗಿ ಕಣ್ಣಿನ ಜಾಗದಲ್ಲಿ ಕುಳಿ ಉಳಿಯುತ್ತದೆ. ನನಗೆ ಕಾಳಿಗಿಂತ ಆ ಕುಳಿಯೇ ಇಷ್ಟ.