ಮಖಮಲ್ಲಿನ ಮೊಹರು

ಪ್ರಯೋಗಾಲಯದ ಸಲಕರಣೆಗಳಲ್ಲಿ ನಾನು ಮನಸೋತದ್ದು ಒಂದು ತುಂಡು ಮಖಮಲ್ಲಿಗೆ. ಪೆಟ್ರಿ ತಟ್ಟೆಯ ಅಳತೆಯ ಗುಂಡು ದಿಮ್ಮಿ, ಅದರ ಮೇಲೆ ಬಿಗಿದು ಕಟ್ಟಿದ ಕ್ರಿಮಿಶುದ್ಧ ಬಟ್ಟೆ, ಅಷ್ಟೇ. ಬ್ಯಾಕ್ಟೀರಿಯಾ ಬೆಳೆದ ಅಗರ್ ತಟ್ಟೆಯನ್ನು ಮಗುಚಿ ಅದರ ಮೇಲೆ ಹಗುರಾಗಿ ಒತ್ತಬೇಕು. ಮಖಮಲ್ಲಿನ ನವಿರೆಳೆಗಳು ಒಂದೊಂದೂ ಸೂಜಿಯಾಗಿ ಪ್ರತಿ ಕಾಲೊನಿಯಿಂದ ಚೂರುಚೂರು ಎತ್ತಿಕೊಳ್ಳುತ್ತವೆ. ಕೈ ತುಸು ಜಾರಿತೋ, ಎಲ್ಲ ಕಲಸಿಹೋಯಿತು! ಅಂಚಿನಲ್ಲಿ ದಿಕ್ಕಿನ ಗುರುತು ಹಾಕಿ ಅದೇ ಬಟ್ಟೆಗೆ ಹೊಸ ತಟ್ಟೆಗಳನ್ನು ಒತ್ತಿದರೆ, ಕಾಲೊನಿಗಳು ತಂತಮ್ಮ ಜಾಗದಲ್ಲೇ ಮೂಡುತ್ತವೆ.

ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಎಸ್ತರ್ ಮತ್ತು ಜೋಶುವಾ ಲೆಡರ್‌ಬರ್ಗ್ ದಂಪತಿ 1952ರಲ್ಲಿ ಪ್ರಕಟಿಸಿದ ವಿಧಾನವಿದು. ನಕಲು ತಟ್ಟೆಗಳಿಗೆ ಅವರು ಸ್ಟ್ರೆಪ್ಟೊಮೈಸಿನ್ ಎಂಬ ಪ್ರತಿಜೀವಕ ಔಷಧ ಬೆರೆಸಿದ್ದರು. ಬದುಕುಳಿದವು ಎಲ್ಲಿದ್ದವೆಂದು ನೋಡಿ, ಔಷಧ ಸೋಕದ ಮೂಲ ತಟ್ಟೆಯ ಅದೇ ಜಾಗದಿಂದ ಎತ್ತಿ, ಮತ್ತೆ ಬೆಳೆಸಿ, ಮತ್ತೆ ಆರಿಸಿದರು. ಕೊನೆಗೆ ಸ್ಟ್ರೆಪ್ಟೊಮೈಸಿನ್ನನ್ನು ಎಂದೂ ಕಾಣದ ನಿರೋಧಕ ತಳಿಯೇ ಕೈಗೆ ಬಂತು. ಅಂದರೆ ನಿರೋಧಕತೆಯನ್ನು ಔಷಧ ಕಲಿಸಿರಲಿಲ್ಲ. ಜೀನೋಮಿನಲ್ಲಿ ಮೊದಲೇ ಆಗಿದ್ದ ಬದಲಾವಣೆಯನ್ನು ಆರಿಸಿತ್ತು. ಇಷ್ಟು ದೊಡ್ಡ ಮಾತಿಗೆ ಇಷ್ಟು ಅಗ್ಗದ ಸಾಕ್ಷಿ!

ಬ್ಯಾಕ್ಟೀರಿಯಾ ತಳಿಶಾಸ್ತ್ರದ ಸಾಧನೆಗೆ 1958ರ ನೊಬೆಲ್‌ನಲ್ಲಿ ಜೋಶುವಾಗೆ ಪಾಲು ಬಂತು, ಎಸ್ತರ್‌ಗೆ ಬರಲಿಲ್ಲ. ಅದು ಅನ್ಯಾಯವೆಂದೇ ನನ್ನ ತೀರ್ಪು.