ಗೌರಿಬಿದನೂರಿನ ಭೂಕಂಪಮಾಪಕವೂ ಕ್ವಾಂಟಂ ಆಂದೋಲಕವೂ : ಒಂದು ಹೋಲಿಕೆಯ ವಿಮರ್ಶೆ

ಕ್ವಾಂಟಂ ಮಾಹಿತಿ ಸಂಸ್ಕರಣದಲ್ಲಿ ಬಳಸಲಾಗುತ್ತಿರುವ ಸೂಕ್ಷ್ಮ ಯಾಂತ್ರಿಕ ಆಂದೋಲಕವು ಹಳೆಯ ಭೂಕಂಪಮಾಪಕದ ಕಿರಿಯ ರೂಪವೆಂದು ವಿವರಿಸುವುದುಂಟು. ಚಿಕ್ಕಬಳ್ಳಾಪುರ, ಚಿಂತಾಮಣಿ, ಶಿಡ್ಲಘಟ್ಟಗಳ ವಿದ್ಯಾರ್ಥಿಗಳಿಗೆ ಗೌರಿಬಿದನೂರಿನ ನಿದರ್ಶನ ಸಮೀಪದ್ದಾದುದರಿಂದ, ವಿಜ್ಞಾನದ ಚರಿತ್ರೆಯನ್ನು ಬೋಧಿಸುವಾಗ ನಾವೂ ಹಾಗೆಯೇ ಹೇಳಿದ್ದೇವೆ. ಈ ಹೋಲಿಕೆ ಎಲ್ಲಿಯವರೆಗೆ ನಿಲ್ಲುವುದೆಂಬುದನ್ನು ಪರಿಶೀಲಿಸಬೇಕಾಗಿದೆ.

1963ರ ಒಪ್ಪಂದವು ವಾಯುಮಂಡಲ, ಬಾಹ್ಯಾಕಾಶ ಮತ್ತು ಜಲಾಂತರ್ಗತ ಅಣ್ವಸ್ತ್ರ ಪರೀಕ್ಷೆಗಳನ್ನು ನಿಷೇಧಿಸಿತು. ಭೂಗರ್ಭದ ಪರೀಕ್ಷೆಗಳನ್ನು ಹೊರಗೆ ಬಿಟ್ಟಿತು. ಅಂತಹ ಸ್ಫೋಟಗಳನ್ನು ಗುರುತಿಸುವ ಸಲುವಾಗಿ 1965ರಲ್ಲಿ, ಬ್ರಿಟನ್ನಿನ ಸಹಕಾರದಿಂದ, ಗೌರಿಬಿದನೂರಿನ ಬಳಿ ಲಂಬಕೋನದಲ್ಲಿ ಚಾಚಿದ ಎರಡು ಸಾಲುಗಳಾಗಿ 20 ಭೂಕಂಪಮಾಪಕಗಳನ್ನು ಸ್ಥಾಪಿಸಲಾಯಿತು. ಸ್ಪ್ರಿಂಗಿಗೆ ತೂಗುಬಿಟ್ಟ ಭಾರವೇ ಇಂತಹ ಮಾಪಕದ ಮೂಲಾಂಗ. ದೂರದ ಅಲೆಯು ಮಾಪಕಗಳನ್ನು ಒಂದರ ಬಳಿಕ ಒಂದಾಗಿ ತಲಪುತ್ತದೆ. ಆ ಕಾಲಭೇದವನ್ನು ಸರಿಪಡಿಸಿ ದಾಖಲೆಗಳನ್ನು ಕೂಡಿಸಿದರೆ ಸಂಜ್ಞೆ ಬಲಗೊಳ್ಳುತ್ತದೆ. ಗಾಳಿ, ಗಾಡಿಗಳ ಗದ್ದಲ ಬಹುಮಟ್ಟಿಗೆ ಅಡಗುತ್ತದೆ.

2010ರಲ್ಲಿ ಕ್ಯಾಲಿಫೋರ್ನಿಯದ ಸಾಂತಾ ಬಾರ್ಬರಾದಲ್ಲಿ ನಡೆದ ಪ್ರಯೋಗದಲ್ಲಿಯೂ ಕಂಪಿಸಿದುದು ಒಂದು ಘನವಸ್ತುವೇ. ಆದರೆ ಅದು ಸೆಕೆಂಡಿಗೆ ಸುಮಾರು 600 ಕೋಟಿ ಬಾರಿ ಕಂಪಿಸುವಂಥದು. ಆದುದರಿಂದಲೇ, ನಿರಪೇಕ್ಷ ಶೂನ್ಯಕ್ಕಿಂತ ಡಿಗ್ರಿಯ ಸುಮಾರು ನಲವತ್ತನೆಯ ಒಂದು ಪಾಲಿನಷ್ಟೇ ಮೇಲಿನ ಶೈತ್ಯದಲ್ಲಿ ಅದರ ಉಷ್ಣಕಂಪನವು ಬಹುತೇಕ ಇಲ್ಲವಾಯಿತು. ಸೆಕೆಂಡಿಗೆ ಒಮ್ಮೆ ತೂಗುವ ಭಾರಕ್ಕೆ ಅದೇ ಶೈತ್ಯವೂ ಏನೇನೂ ಸಾಲದು. ಕ್ವಾಂಟಂ ಮಾಹಿತಿಯ ಏಕಮಾನವಾದ ಕ್ಯೂಬಿಟ್ಟಿನ ಮೂಲಕ ಆ ವಸ್ತುವಿನಲ್ಲಿ ಕಂಪನದ ಒಂದೇ ಒಂದು ಕಣವನ್ನು ಉಂಟುಮಾಡಲಾಯಿತು. ಅದು ಉಳಿದುದು ಸೆಕೆಂಡಿನ ನೂರು ಕೋಟಿ ಪಾಲುಗಳಲ್ಲಿ ಸುಮಾರು ಆರು ಪಾಲಿನಷ್ಟು ಕಾಲ. 2021ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರೂ ಯಾಂತ್ರಿಕ ಆಂದೋಲಕವೊಂದನ್ನು ಅತಿವಾಹಕ ಕ್ಯೂಬಿಟ್ಟಿನೊಡನೆ ಜೋಡಿಸಿದ ಪ್ರಯೋಗವನ್ನು ಪ್ರಕಟಿಸಿದರು. ಮಾಹಿತಿಯನ್ನು ಕೆಲಹೊತ್ತು ಇರಿಸಿಕೊಳ್ಳುವುದು, ಮೈಕ್ರೋವೇವ್ ಸಂಜ್ಞೆಯನ್ನು ಬೆಳಕಿಗೆ ದಾಟಿಸುವುದು, ಇವೇ ಇಂತಹ ಆಂದೋಲಕಗಳಿಂದ ಮುಖ್ಯವಾಗಿ ನಿರೀಕ್ಷಿಸಲಾಗುವ ಕಾರ್ಯಗಳು.

ಹೋಲಿಕೆ ಮುರಿಯುವುದು ಗಾತ್ರದಲ್ಲಲ್ಲ, ಸಾಕ್ಷ್ಯದಲ್ಲಿ. ಗೌರಿಬಿದನೂರಿನ ವಿಧಾನವು ಇತಿಹಾಸಕಾರನ ವಿಧಾನವೇ ಆಗಿದೆ: ಒಂದೇ ಘಟನೆಗೆ ಹಲವು ದಾಖಲೆಗಳು, ಅವುಗಳ ತುಲನೆ, ಬಳಿಕ ನಿರ್ಣಯ. ಕ್ವಾಂಟಂ ಸ್ಥಿತಿಗೆ ಈ ಸೌಕರ್ಯವಿಲ್ಲ. ಅಜ್ಞಾತ ಸ್ಥಿತಿಯೊಂದರ ಪ್ರತಿಯನ್ನು ತೆಗೆಯಲಾಗದೆಂಬುದು 1982ರಲ್ಲಿ ಸಿದ್ಧಪಟ್ಟಿತು. ಅಳೆದೊಡನೆ ಮೂಲವೂ ಮಾರ್ಪಡುತ್ತದೆ. ಅದು ನಕಲು ಮಾಡಲಾಗದ, ಓದಿದೊಡನೆ ಕೆಡುವ ಓಲೆಯಂತೆ. ಆದಕಾರಣ ಇಲ್ಲಿ ಗದ್ದಲವನ್ನು ದಾಖಲೆಗಳ ಸಂಖ್ಯೆಯಿಂದ ಗೆಲ್ಲುವಂತಿಲ್ಲ, ಮೊದಲೇ ದೂರವಿಡಬೇಕಾಗುತ್ತದೆ.

ಭಾರ ಕಿರಿದಾಗುತ್ತ ಬಂದಿತೆಂಬ ಸರಳ ಪ್ರಗತಿಯ ಕಥೆ ಈ ಭೇದವನ್ನು ಮರೆಮಾಡುತ್ತದೆ. ಗೌರಿಬಿದನೂರಿನಿಂದ ಪಾಠವನ್ನು ಆರಂಭಿಸುವುದು ಯುಕ್ತವೇ. ಅಲ್ಲಿಯೇ ಮುಗಿಸುವುದು ನಾವು ಮಾಡಿದ ತಪ್ಪು.